ಉಳಿಗೊಂದು ಹಿಡಿ, ಮಿಷನ್ನಿಗೊಂದು ಹೆಸರು

ನನ್ನ ಶೆಡ್ಡಿನ ಕಿಟಕಿಯ ದಂಡೆಯ ಮೇಲೆ ಒಂದು ಉಳಿ ಸದಾ ಮಲಗಿರುತ್ತದೆ. ಅದರ ಅಲಗು ಕಮ್ಮಾರನದ್ದು, ಹಿಡಿ ನನ್ನದು. ಮೀಸೆ ಮೂಡುವ ಮೊದಲೇ ಹುಣಸೆಯ ಚೇಗಿನಲ್ಲಿ, ಅದರ ಗಟ್ಟಿ ಒಳಮರದಲ್ಲಿ, ನಾನೇ ಕೆತ್ತಿಕೊಂಡದ್ದು. ಹೆಬ್ಬೆರಳು ಕೂರುವ ಕಡೆ ಒಂದು ಸಣ್ಣ ತಗ್ಗು ಇದೆ, ಅದನ್ನು ಮಾತ್ರ ನಾನು ಕೆತ್ತಲಿಲ್ಲ, ದಿನವೂ ಒತ್ತಿ ಒತ್ತಿ ತಾನಾಗಿ ಆಯಿತು. ನೀವು ಬಂದು ಆ ಉಳಿಯನ್ನು ಕೈಗೆತ್ತಿಕೊಂಡರೆ ಎಲ್ಲೋ ಏನೋ ಸರಿಯಿಲ್ಲವೆನ್ನಿಸೀತು. ಬೇರೆಯವರ ಚಪ್ಪಲಿಗೆ ಕಾಲಿಟ್ಟ ಹಾಗೆ. ಆ ಹಿಡಿ ಕಾದು ಮಲಗಿರುವುದು ಒಂದೇ ಒಂದು ಕೈಗೆ ಎಂದು ನಾನು ಬಹಳ ವರ್ಷ ನಂಬಿದ್ದೆ, ನಂಬಿ ಸ್ವಲ್ಪ ಬೀಗಿಯೂ ಇದ್ದೆ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವಲ್ಲಿಗೆ ಸೇರಿದವನು ನಾನು. ಅಲ್ಲಿನ ಹಿರಿಯ ಮಂಜ ಮೇಸ್ತ್ರಿ ಮೊದಲ ದಿನ ನನ್ನ ಕೈಗೆ ಒಂದು ಬೋಳು ಅಲಗು ಕೊಟ್ಟು, "ಅಲಗ್ ಅಂಗ್ಡಿಯಗ್ ಸಿಕ್ಕತ್ತ್ ಮಗಾ, ಹಿಡಿ ಸಿಕ್ಕುದಿಲ್ಲೆ. ಅದನ್ ನೀನೇ ಮಾಡ್ಕಣ್ಕ್" ಅಂದಿದ್ದರು. ನಮ್ಮ ಕಸುಬಿನಲ್ಲಿ ಒಬ್ಬರ ಉಳಿಯನ್ನು ಇನ್ನೊಬ್ಬರು ಮುಟ್ಟುವ ಕ್ರಮವಿಲ್ಲ. ಬೀಡಿ ಹಂಚಿಕೊಳ್ಳುತ್ತೇವೆ, ಬುತ್ತಿ ಹಂಚಿಕೊಳ್ಳುತ್ತೇವೆ, ಉಳಿ ಕೇಳಿದರೆ ಮುಖ ತಿರುಗಿಸುತ್ತೇವೆ. ಆರನೇ ಕ್ಲಾಸು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ. ನನ್ನ ಕೈಯ ಬಾಗಿಲುಗಳು ಶಂಕರನಾರಾಯಣದಿಂದ ಬೈಂದೂರಿನ ತನಕ ತೆರೆದು ಮುಚ್ಚುತ್ತಿವೆ, ಒಂದಾದರೂ ಕಿರ್ ಎಂದದ್ದಿದ್ದರೆ ಬಂದು ಹೇಳಿ, ಪುಕ್ಕಟೆ ಸರಿ ಮಾಡಿ ಕೊಡುತ್ತೇನೆ.

ಕಾಲ ಬದಲಾಗಿ ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದವು. ನಾನು ಸಾಸ್ತಾನದ ಟೋಲಿನಿಂದ ಸ್ವಲ್ಪ ಈಚೆ ಒಂದು ಶೆಡ್ಡು ಹಾಕಿಕೊಂಡು ಬಾಗಿಲು, ಕಿಟಕಿ, ದೇವರ ಮಂಟಪಗಳಿಗೆ ಇಳಿದೆ. ಜನ ಕೆತ್ತನೆ ಬೇಕು ಅನ್ನುವವರು, ಬೇಗ ಬೇಕು ಎಂದೂ ಅನ್ನುವವರು. ಹಾಗಾಗಿ ಬ್ರಹ್ಮಾವರದಲ್ಲಿ ತನ್ನ ಫರ್ನಿಚರ್ ಕೆಲಸ ನಿಲ್ಲಿಸುತ್ತಿದ್ದ ಪ್ರಕಾಶನೆಂಬ ಗೆಳೆಯನಿಂದ ಒಂದು ಹಳೆಯ ಸಿಎನ್‌ಸಿ ಮಿಷನ್ ಕೊಂಡೆ. ನೋಡಿಲ್ಲದವರಿಗೆ ಹೇಳುವುದಾದರೆ, ಮಂಚದಷ್ಟು ದೊಡ್ಡ ಒಂದು ಮೇಜು, ಅದರ ಮೇಲೆ ಆಚೆ ಈಚೆ ಓಡಾಡುವ ಒಂದು ತಲೆ, ಆ ತಲೆಯ ತುದಿಯಲ್ಲಿ ಗರಗರ ತಿರುಗುವ ಒಂದು ಚೂಪಾದ ಬಿಟ್. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಅದು ಹಲಗೆಯ ಮೇಲೆ ಕೊರೆದು ಬಿಡಿಸುತ್ತದೆ. ಎಷ್ಟೇ ಚೆನ್ನಾಗಿ ಕೊರೆಯಲಿ, ಹಕ್ಕಿಯದ್ದಾಗಲಿ ಆನೆಯದ್ದಾಗಲಿ ಕಣ್ಣನ್ನು ಮಾತ್ರ ಕಟ್ಟಕಡೆಗೆ ಆ ಹುಣಸೆ ಹಿಡಿಯ ಉಳಿಯಿಂದಲೇ ತೆರೆಯುವುದು ನನ್ನ ಕ್ರಮ. ಮಿಷನ್ ಬರೆದ ಕಣ್ಣಿಗೆ ನೋಟ ಇರುವುದಿಲ್ಲ.

ಮಿಷನ್ನಿನ ಜೊತೆಗೆ ಬಂದ ಕಂಪ್ಯೂಟರಿನಲ್ಲಿ ಅದನ್ನು ನಡೆಸಲು ಲಿನಕ್ಸ್ ಎನ್ನುವುದು ಇತ್ತು. ಅದರೊಳಗೆ ಟರ್ಮಿನಲ್ ಎಂಬ ಒಂದು ಕಪ್ಪು ಪರದೆ. ಮೂಲೆಯಲ್ಲಿ ಮಿಣುಮಿಣುಕುವ ಒಂದು ಗೀಟು, ನೀವು ಏನಾದರೂ ಹೇಳುವ ತನಕ ಕಾಯುತ್ತದೆ, ತಾನಾಗಿ ಏನನ್ನೂ ಕೇಳುವುದಿಲ್ಲ. ಮೊದಲ ನೋಟಕ್ಕೆ ಹೆದರಿಕೆ ಹುಟ್ಟಿಸುವ ಈ ಪರದೆಯ ಮೇಲೆ ನನಗೆ ಬರಬರುತ್ತಾ ಮೋಹ ಹುಟ್ಟಿತು. ಅದು ನನ್ನ ಓದನ್ನು ವಿಚಾರಿಸಲಿಲ್ಲ, ನನ್ನ ಇಂಗ್ಲಿಷಿಗೆ ನಗಲಿಲ್ಲ. ಸರಿಯಾಗಿ ಬರೆದರೆ ಮಾಡುತ್ತಿತ್ತು, ತಪ್ಪಿ ಬರೆದರೆ ಗೊತ್ತಾಗಲಿಲ್ಲ ಎಂದು ನೇರವಾಗಿ ಹೇಳುತ್ತಿತ್ತು. ಇಂಥ ಮನುಷ್ಯರು ನನಗೆ ಬಹಳ ಮಂದಿ ಸಿಕ್ಕಿಲ್ಲ.

ಕಷ್ಟವಿದ್ದದ್ದು ಬರೆಯಬೇಕಾದ ಮಾತಿನ ಉದ್ದದಲ್ಲಿ. ಒಂದು ಚಿತ್ರವನ್ನು ಮಿಷನ್ನಿಗೆ ಕಳಿಸಲು ಟೋಲಿನ ಮುಂದೆ ನಿಂತ ಲಾರಿಗಳ ಸಾಲಿನಂಥ ಒಂದು ಕಮಾಂಡು, ನಡುವೆ ಒಂದು ಚುಕ್ಕೆ ಬಿಟ್ಟುಹೋದರೂ ಪೂರಾ ಸಾಲು ನಿಂತುಬಿಡುತ್ತಿತ್ತು. ನಾನು ಬಸ್ಸಿನ ಬೋರ್ಡು ಓದಿ ಇಂಗ್ಲಿಷ್ ಅಕ್ಷರ ಕಲಿತವನು. ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಕುಟ್ಟುವುದನ್ನು ನೋಡಿ ಪ್ರಕಾಶ ನಕ್ಕ.

"ಹ್ವಾಯ್, ದಿನಾ ಇಷ್ಟುದ್ದ ಎಂತಕ್ಕೆ ಬರೂದ್? ಒಂದ್ ಅಡ್ಡಹೆಸ್ರ್ ಇಡಿ ಅದ್ಕೆ. ಆ ಹೆಸ್ರ್ ಕರ್ದ್ರೆ ಸಾಕ್, ಉಳ್ದದ್ ಅದೇ ನೋಡ್ಕಂತ್."

"ಎಂತ ಹೆಸ್ರ್ ಇಡೂದ್?"

"ನಿಮ್ಗ್ ಕುಶಿ ಬಂದದ್. ನಿಮ್ ಮಿಷನ್ ಅಲ್ದಾ."

ಹಾಗೆ ಹೆಸರಿಡುವುದಕ್ಕೆ ಅಲಿಯಾಸ್ ಅನ್ನುತ್ತಾರಂತೆ. ಆವರೆಗೆ ನಾನು ಆ ಪದವನ್ನು ಪೇಪರಿನಲ್ಲಿ, ಪೊಲೀಸರು ಹಿಡಿದವರ ಹೆಸರಿನ ನಡುವೆ ಮಾತ್ರ ಓದಿದ್ದೆ. ನನ್ನ ಶೆಡ್ಡಿಗೆ ಅದು ಮರ್ಯಾದಸ್ಥನಾಗಿ ಬಂದಿತು. ಯೋಚಿಸಿದರೆ ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರನ್ನು ಉದ್ದಕ್ಕೆ ಇಡುತ್ತಾರೆ, ಇಟ್ಟ ಮೇಲೆ ಆ ಹೆಸರು ಹಿಡಿದು ಗದರಿಸುವುದು ಹೇಗೆಂದು ಮನೆಯೊಳಗೆ ಪುಟ್ಟ, ಅಪ್ಪು, ಮಾಣಿ ಎಂದು ಕರೆಯುತ್ತಾರೆ. ಉದ್ದದ ಹೆಸರು ಶಾಲೆಗೆ, ಕಚೇರಿಗೆ, ಮದುವೆ ಕಾಗದಕ್ಕೆ. ಊಟಕ್ಕೆ ಕರೆಯುವಾಗ ಗಿಡ್ಡ ಹೆಸರು. ಮನುಷ್ಯ ತಿರುಗಿ ನೋಡುವುದೂ ಗಿಡ್ಡ ಹೆಸರಿಗೇ. ಕಂಪ್ಯೂಟರನ್ನು ಮಾಡಿದವರ ಮನೆಗಳಲ್ಲೂ ಹೀಗೆಯೇ ಇದ್ದಿರಬೇಕು.

ಈ ಹೆಸರುಗಳನ್ನೆಲ್ಲ ಬರೆದಿಡುವ ಒಂದು ಕಡತವಿದೆ. ತನ್ನ ಹೆಸರಿನ ಮೊದಲಿಗೆ ಒಂದು ಚುಕ್ಕೆ ಇಟ್ಟುಕೊಂಡಿರುತ್ತದೆ. ಹಾಗೆ ಬೊಟ್ಟಿಟ್ಟುಕೊಂಡ ಕಡತಗಳು ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ, ಹುಡುಕಿಕೊಂಡು ಹೋದವರಿಗೆ ಮಾತ್ರ ಕಾಣುತ್ತವೆ. ಟರ್ಮಿನಲ್ ಪ್ರತಿಸಲ ತೆರೆದುಕೊಳ್ಳುವಾಗ ಮೊದಲು ಅದನ್ನು ಓದಿಕೊಂಡು ಬರುತ್ತದೆ. ಸಣ್ಣ ಕೆಲಸಕ್ಕೆ ಅಲಿಯಾಸ್ ಸಾಕು. ನಾಲ್ಕಾರು ಕೆಲಸಗಳು ಒಂದರ ಹಿಂದೆ ಒಂದು ನಡೆಯಬೇಕೆಂದರೆ ಫಂಕ್ಷನ್ ಮಾಡಬೇಕು. ನಮ್ಮಲ್ಲಿ ಫಂಕ್ಷನ್ ಎಂದರೆ ಮದುವೆ, ಉಪನಯನ. ಈ ಫಂಕ್ಷನ್ನಿನಲ್ಲೂ ಅಷ್ಟೆ, ಯಾವ ಶಾಸ್ತ್ರದ ಹಿಂದೆ ಯಾವ ಶಾಸ್ತ್ರವೆಂದು ಮೊದಲೇ ತೀರ್ಮಾನವಾಗಿರಬೇಕು, ಹಿಂದುಮುಂದಾದರೆ ಗಲಾಟೆ. ಇಡಬೇಕೆಂದಿರುವ ಹೆಸರು ಮೊದಲೇ ಯಾರಿಗಾದರೂ ಇದೆಯೋ ಎಂದು ಕೇಳಿಯೂ ನೋಡಬೇಕು, ಇಲ್ಲದಿದ್ದರೆ ನೀವು ಒಬ್ಬನನ್ನು ಕರೆದರೆ ಇನ್ನೊಬ್ಬ ಎದ್ದು ಬರುತ್ತಾನೆ.

ನಾನು ನನ್ನ ಕಮಾಂಡುಗಳಲ್ಲಿ ಹೆಚ್ಚಿನವಕ್ಕೆ ಮನುಷ್ಯರ ಹೆಸರನ್ನೇ ಇಟ್ಟೆ. ಬೆಳಿಗ್ಗೆ ಮಿಷನ್ನಿನ ತಲೆಯನ್ನು ಮೂಲೆಗೆ ಒಯ್ದು, ಬಿಟ್ಟನ್ನು ಸ್ವಲ್ಪ ಹೊತ್ತು ಸುಮ್ಮನೆ ತಿರುಗಿಸಿ ಬಿಸಿ ಮಾಡುವ ಕಮಾಂಡಿಗೆ 'ಮಂಜ'. ನೆಲ ಗುಡಿಸದೆ, ಅಲಗಿನ ಹರಿತ ನೋಡದೆ ಮೇಸ್ತ್ರಿ ಎಂದೂ ಕೆಲಸಕ್ಕೆ ಕೈ ಹಾಕಿದವರಲ್ಲ. ಆ ದಿನದ ಚಿತ್ರಗಳ ಒಂದೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಡುವ ಕಮಾಂಡಿಗೆ 'ಗಿರಿಜ'. ಅದು ನನ್ನ ಅಕ್ಕನ ಹೆಸರು. ಅಡುಗೆ ಎಷ್ಟೇ ಕಡಿಮೆಯಿರಲಿ, ಯಾರಿಗಾದರೂ ಬೇಕಾದೀತೆಂದು ಒಂದು ಪಾಲು ಎತ್ತಿಡುವವಳು. ಕೆಲಸಕ್ಕೆ ಬಾರದ ಹಳೆಯ ಕಡತಗಳನ್ನು ತೆಗೆಯುವುದಕ್ಕೆ 'ಗುಡ್ಸ್'. ಅದು ಮಾತ್ರ ಪ್ರತಿಯೊಂದನ್ನೂ ತೋರಿಸಿ 'ಇದನ್ ಗುಡ್ಸುದಾ?' ಎಂದು ಕೇಳಿ, ನಾನು 'ಹೌದ್' ಎಂದು ಬರೆದ ಮೇಲಷ್ಟೇ ಮುಂದುವರಿಯುವ ಹಾಗೆ ಪ್ರಕಾಶನಿಂದ ಬರೆಸಿಕೊಂಡಿದ್ದೆ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆ, ಬಾಯಲ್ಲಿ ಕುಂದಾಪ್ರ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ.

ಜೋರಾಗಿಯೇ ಹೇಳಿಕೊಳ್ಳುತ್ತಿದ್ದೆನೆಂದು ನನಗೆ ಗೊತ್ತಾದದ್ದು ಒಂದು ದಿನ ನನ್ನ ಹೆಂಡತಿ ವನಜ ಚಾ ತಂದಾಗ.

"ಎಂತ ಮಾರಾಯ್ರೆ, ಬೆಳಿಗ್ಗೆ ಎದ್ ಮಂಜ ಮೇಸ್ತ್ರಿನ್ ಕರಿತ್ರಿ, ಸಂಜಿ ಆಪತಿಗೆ ಅತ್ಗಿನ್ ಕರಿತ್ರಿ. ಊರ್ಮೇಲಿನವ್ರೆಲ್ಲಾ ಇದ್ರ್, ನನ್ ಹೆಸ್ರಂಗ್ ಒಂದೂ ಇಲ್ಯಾ?"

"ನಿನ್ನ ಕರೂಕೆ ಕಮಾಂಡ್ ಎಂತಕ್ಕೆ? ಒಂದ್ ಕೂಗ್ ಹಾಕ್ರೆ ಬತ್ತೆ ಅಲ್ದಾ."

"ಬತ್ತೆ. ನಾ ಕೂಗ್ರೆ ನೀವ್ ಬತ್ರಿಯಾ?"

ಚಾ ಬಿಸಿಯಿತ್ತು, ಅದನ್ನು ಊದುವುದರಲ್ಲಿ ನಾನು ಮಗ್ನನಾದೆ.

ಹೆಸರಿಡುವುದು ಸುಲಭ, ಸಾಕುವುದು ಕಷ್ಟ. ವರ್ಷ ಕಳೆಯುವುದರೊಳಗೆ ಆ ಕಡತ ನನ್ನ ಹಳೆಯ ಸಾಮಾನಿನ ಪೆಟ್ಟಿಗೆಯಂತಾಯಿತು. ಒಂದೇ ಕೆಲಸಕ್ಕೆ ಎರಡು ಹೆಸರು, ಕೆಲಸವೇ ಇಲ್ಲದ ಹೆಸರು, ಯಾತಕ್ಕೆ ಮಾಡಿದೆನೆಂದು ನನಗೇ ಮರೆತ ಹೆಸರು. ಮಳೆಗಾಲದಲ್ಲಿ ಕೆಲಸ ಕಡಿಮೆಯಿದ್ದಾಗ ಕೂತು ಒಂದೊಂದನ್ನೇ ನೋಡಿ, ಬೇಡದ್ದನ್ನು ತೆಗೆದು, ಬೇಕಾದ್ದರ ಪಕ್ಕ ಅದು ಏನು ಮಾಡುತ್ತದೆಂದು ಒಂದು ಸಾಲು ಬರೆದಿಟ್ಟೆ. ಕಂಪ್ಯೂಟರ್ ಓದದೆ ದಾಟಿ ಹೋಗುವ, ಮನುಷ್ಯರಿಗೆಂದೇ ಇರುವ ಸಾಲು. ಉಳಿ ಮಸೆಯುವುದೂ ಕೆಲಸವೇ ಎಂದು ತಿಳಿದವನಿಗೆ ಇದೇನೂ ಬೇಸರವಾಗಲಿಲ್ಲ. ಈ ಲಿನಕ್ಸ್ ಎಂಬ ಅಲಗನ್ನು ಯಾರು ಹೊಡೆದದ್ದೋ, ಯಾವ ದೇಶದಲ್ಲಿ ಕಾಯಿಸಿದ್ದೋ ನನಗೆ ತಿಳಿಯದು, ಅದಕ್ಕೆ ನಾನು ಹಾಕಿದ್ದು ಒಂದು ಹಿಡಿ. ಬೇರೆ ಯಾರ ಕೈಗೂ ಕೂರದ ಹಿಡಿ. ಆ ಕಂಪ್ಯೂಟರನ್ನೂ ನಾನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಈಗ ಗಿರಿಜಕ್ಕನ ವಿಷಯಕ್ಕೆ ಬರುತ್ತೇನೆ. ನಾನು ಶಾಲೆ ಬಿಟ್ಟಾಗ ಬೈದವರು ಬಹಳ ಮಂದಿ. ಬೈಯದೆ, ಮಧ್ಯಾಹ್ನದ ಗಂಜಿಯನ್ನು ಚಂಬಿನಲ್ಲಿ ತುಂಬಿ, ಮೇಲೊಂದು ಉಪ್ಪಿನಕಾಯಿಯ ಹೋಳಿಟ್ಟು ದೋಣಿ ಕಟ್ಟುವಲ್ಲಿಗೆ ನಡೆದು ಬಂದವಳು ಅವಳೊಬ್ಬಳು. ಮದುವೆಯಾಗಿ ಬೈಂದೂರಿಗೆ ಹೋದ ಮೇಲೆ ನನ್ನಿಂದ ಏನನ್ನೂ ಕೇಳಿದವಳಲ್ಲ. ಅವಳ ಮಗಳು ಶ್ವೇತಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ, ಆದದ್ದು ಒಮ್ಮೆ ನಿಲ್ಲಲಿಲ್ಲ. ಮತ್ತೆ ಬಸುರಿಯಾದಳೆಂದು ಗೊತ್ತಾದಾಗ ಅಕ್ಕ ಫೋನಿನಲ್ಲಿ ಮೆಲ್ಲಗೆ ಹೇಳಿದಳು: "ಎಲ್ಲಾ ಸಮ ಆದ್ರೆ ಹೆಸ್ರಿಡು ದಿನ ಮಗಿನ್ ನಿನ್ ಕೈಯ್ಯ್ ತೊಟ್ಲಂಗೇ ಮನ್ಗ್ಸ್ಕ್ ಕಾಣ್. ಈಗ್ಳೇ ಶುರು ಮಾಡ್ಬೇಡ."

ಕೊನೆಯ ಮಾತು ಅವಳು ಹೇಳದಿದ್ದರೂ ನನಗೆ ಗೊತ್ತಿತ್ತು. ಮಗು ಹುಟ್ಟಿ ಅದರ ಅಳು ಕೇಳುವ ಮುಂಚೆ ನಾವು ತೊಟ್ಟಿಲಿನ ಮರಕ್ಕೆ ಉಳಿ ಹಾಕುವುದಿಲ್ಲ. ಹುಟ್ಟಿದ ದಿನಕ್ಕೂ ಹೆಸರಿಡುವ ದಿನಕ್ಕೂ ನಡುವೆ ಸಿಗುವಷ್ಟೇ ಸಮಯ. ಆದರೆ ಉಳಿ ಹಾಕಬಾರದೆಂದಿದೆಯೇ ಹೊರತು ಕಮಾಂಡು ಬರೆಯಬಾರದೆಂದು ಎಲ್ಲೂ ಇಲ್ಲವಲ್ಲ. ನಾನು ಎರಡು ಗಿಳಿಗಳ ಚಿತ್ರ ಮಾಡಿಸಿದೆ, ಮರ ಕೊಯ್ಯುವ, ಕೊರೆಯುವ, ಅಂಚು ದುಂಡಗೆ ಮಾಡುವ ಕೆಲಸಗಳನ್ನೆಲ್ಲ ಒಂದರ ಹಿಂದೊಂದು ಕಟ್ಟಿ ಅದಕ್ಕೆ 'ತೊಟ್ಲ್' ಎಂದು ಹೆಸರಿಟ್ಟೆ. ನಾನು ಕಟ್ಟಿದ ಕಡೆಯ ಮರದ ದೋಣಿಯಿಂದ ಉಳಿದಿದ್ದ ಎರಡು ಹೆಬ್ಬಲಸಿನ ಹಲಗೆಗಳನ್ನು ಅಟ್ಟದಿಂದ ಇಳಿಸಿ ಒರೆಸಿ ಗೋಡೆಗೆ ಆನಿಸಿಟ್ಟೆ. ಮರ ಮುಟ್ಟಲಿಲ್ಲ, ಅಂದರೆ ಒರೆಸಿದ್ದು ಬಿಟ್ಟರೆ. ಇನ್ನು ಆ ಒಂದು ಹೆಸರನ್ನು ಕರೆಯುವುದಷ್ಟೇ ಬಾಕಿ ಎಂದು ಹೆಮ್ಮೆಯಿಂದ ಕಾದೆ.

ಹೆಣ್ಣು ಮಗು ಹುಟ್ಟಿತು. ಕುಂದಾಪುರದ ಆಸ್ಪತ್ರೆಗೆ ಹೋಗಿ ಕಂಡು, ಅದರ ಮುಷ್ಟಿಯೊಳಗೆ ನನ್ನ ಕಿರುಬೆರಳು ಸಿಕ್ಕಿಸಿಕೊಂಡು, ಬಿಡಿಸಿಕೊಳ್ಳಲು ಮನಸ್ಸಾಗದೆ ಬಿಡಿಸಿಕೊಂಡು, ಸ್ಕೂಟರಿನಲ್ಲಿ ಮನೆಗೆ ಹೊರಟವನಿಗೆ ಸರ್ವೀಸ್ ರಸ್ತೆಯಲ್ಲಿ ಒಂದು ನಾಯಿ ಅಡ್ಡ ಬಂತು. ನಾಯಿಯನ್ನು ತಪ್ಪಿಸಿದೆ, ನೆಲವನ್ನು ತಪ್ಪಿಸಲಾಗಲಿಲ್ಲ. ಬಲಗೈಯ ಮಣಿಕಟ್ಟು ಮುರಿದು, ಊತ ಇಳಿದ ಮೇಲೆ ಒಳಗೆ ಲೋಹದ ಪಟ್ಟಿ ಹಾಕಬೇಕೆಂದು ಉಡುಪಿಯ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಮಲಗಿಸಿದರು.

ಗಿರಿಜಕ್ಕ ಬಂದು ಹಣೆ ಮುಟ್ಟಿ, "ತೊಟ್ಲ್ ಇರ್ಲಿ ಮಾರಾಯ, ಯಾರತ್ರಾರೂ ಕೇಂಡ್ ತಪ್ಪ" ಅಂದಳು. ಹಾಗೆ ಹೇಳುವಾಗ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಜನ್ಮದಲ್ಲಿ ಒಂದೇ ಒಂದು ಕೇಳಿದವಳು ಅದನ್ನೂ ವಾಪಸು ತೆಗೆದುಕೊಳ್ಳುತ್ತಿದ್ದಳು. ಕೈ ನೋವು ಆ ಕ್ಷಣದಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ, ನೋವು ಬೇರೆ ಕಡೆ ಶುರುವಾಗಿತ್ತು.

ಅವಳು ಹೋದ ಮೇಲೆ ವನಜ ಹೇಳಿದಳು: "ತೊಟ್ಲ್ ನಾ ಮಾಡ್ತೆ."

"ನಿಂಗೆಂತ ಗೊತ್ತಿತ್ತ್ ಅದ್ರ್ ವಿಷ್ಯ?"

"ಎಂತ ಗೊತ್ತಿಲ್ಲೆ? ಮಂಜ ಅಂತ ಒತ್ತೂದ್, ಅದ್ ಸುಮ್ನ್ ಆಪಲ್ಲಿವರಿಗೆ ಕಾಯೂದ್, ಮತ್ ತೊಟ್ಲ್ ಅಂಬೂದ್. ನೀವ್ ದಿನಾ ಕೂಗೂದ್ ಅಡ್ಗಿಮನಿಗೆ ಕೇಂತತ್ತ್. ನಾನ್ ಹತ್ತನೇ ಕ್ಲಾಸ್ ಪಾಸ್ ಮಾಡ್ದೋಳ್, ನಿಮ್ಗಿಂತ ನಾಕ್ ಕ್ಲಾಸ್ ಜಾಸ್ತಿ."

ಮಗ್ಗುಲ ಹಾಸಿಗೆಯವನು ನಕ್ಕ. ನನ್ನ ಹತ್ತಿರ ಬೇರೆ ದಾರಿಯಿದ್ದಿದ್ದರೆ ಬೇಡವೆಂದೇ ಅನ್ನುತ್ತಿದ್ದೆ. ಶೆಡ್ಡಿನ ಬೀಗದ ಕೈ ಕೊಟ್ಟೆ. ಎಲ್ಲವೂ ಆ ಒಂದು ಹೆಸರಿನೊಳಗಿದೆ, ಅವಳು ಏನೂ ಮಾಡಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಫೋನು ಬಂತು.

"ಹ್ವಾಯ್, ಒಂದ್ ಮಾತ್ ಹೇಳ್ತೆ, ಬೈಬೇಡಿ."

"ಹೇಳ್."

"ಮಂಜ ಅಂದೆ, ಸಮ ಆಯ್ತ್. ತೊಟ್ಲ್ ಅಂದೆ. ಬಿಟ್ ಸೀದಾ ಮರ್ದೊಳ್ಗ್ ಇಳ್ದ್ ಹೋಯ್ತ್. ಕರೆಂಟ್ ತೆಗ್ದೆ. ಅಷ್ಟೊತ್ತಿಗೆ ಒಂದ್ ಗೇಣ್ ಉದ್ದ ಸೀಳ್ದಂಗ್ ಆಯ್ತ್."

ನಾನು ಬೈಯಲಿಲ್ಲ. ಅಂಥ ಹಲಗೆ ಇನ್ನು ಯಾರ ಅಟ್ಟದಲ್ಲೂ ಇಲ್ಲ. ಕಮಾಂಡನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯ ತನಕ ಓದಿದೆ, ತಪ್ಪು ಕಾಣಲಿಲ್ಲ. ನಾನು ಕರೆದಾಗ ಎಂದೂ ಹೀಗೆ ಮಾಡದ ಮಿಷನ್ ಅವಳು ಕರೆದಾಗ ಯಾಕೆ ಮಾಡಿತು? ಕೊನೆಗೆ ನನ್ನ ಬಾಯಿಂದ ಬಂದದ್ದು, "ನೀ ಎಂತದೋ ಒತ್ತ್‌ಬಾರದ್ದ್ ಒತ್ತಿದ್ಯಾ?"

"ನಾ ಎಂತದೂ ಒತ್ಲಿಲ್ಲೆ" ಅಂದಳು ವನಜ. ಆಮೇಲೆ ಕೇಳಿದಳು, "ಹ್ವಾಯ್, ದಿನಾ ನೆಲ ಗುಡ್ಸುವತಿಗೆ ಮಿಷನ್ ಅಡಿ ಬಸ್ ಟಿಕೇಟಿನ್ ಚೂರ್ ಸಿಕ್ಕತ್ತ್. ಎಲ್ಲದ್ರಂಗೂ ಒಂದ್ ತೂತ್. ನೀವ್ ಅದ್ರಂಗ್ ಎಂತ ಮಾಡ್ತ್ರಿ?"

ಹಾಸಿಗೆಯಲ್ಲಿ ಎದ್ದು ಕೂತೆ.

ಬಿಟ್ಟಿನ ತುದಿ ಎಲ್ಲಿ ಮುಗಿಯುತ್ತದೆ, ಮರದ ಮೈ ಎಲ್ಲಿ ಶುರುವಾಗುತ್ತದೆ ಎಂಬುದು ಮಿಷನ್ನಿಗೆ ತಾನಾಗಿ ತಿಳಿಯುವುದಿಲ್ಲ. ಹಲಗೆ ಬದಲಾದಾಗಲೆಲ್ಲ ಅದನ್ನು ಹೇಳಿಕೊಡಬೇಕು. ನಾನು ಹಲಗೆಯ ಮೇಲೆ ಒಂದು ಬಸ್ ಟಿಕೇಟು ಇಟ್ಟು, ಎಡಗೈಯಿಂದ ಅದನ್ನು ಹಿಂದೆ ಮುಂದೆ ಎಳೆಯುತ್ತಾ, ಬಲಗೈಯಿಂದ ಬಿಟ್ಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸುತ್ತೇನೆ. ಕಾಗದ ತುಸು ಹಿಡಿದಂತೆ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ, ಇದೇ ನಿನ್ನ ನೆಲ ಎಂದು ಮಿಷನ್ನಿಗೆ ಹೇಳುತ್ತೇನೆ. ಎಷ್ಟು ವರ್ಷದ ರೂಢಿಯೆಂದರೆ, ಅದೊಂದು ಕೆಲಸವೆಂದೇ ನನಗೆ ನೆನಪಿರಲಿಲ್ಲ. ಕಮಾಂಡಿನಲ್ಲಿ ಬರೆದಿರಲಿಲ್ಲ, ಬಾಯಲ್ಲಿ ಹೇಳಿಕೊಂಡಿರಲಿಲ್ಲ, ಆದ್ದರಿಂದ ಅಡುಗೆಮನೆಗೆ ಕೇಳಿಸಿರಲೂ ಇಲ್ಲ. ಎಲ್ಲವನ್ನೂ ಒಂದು ಹೆಸರಿನೊಳಗೆ ಕಟ್ಟಿದ್ದೇನೆಂದು ಬೀಗಿದವನು ನನ್ನ ಎಡಗೈಯನ್ನೇ ಹೊರಗೆ ಬಿಟ್ಟಿದ್ದೆ. ಹಿಂದಿನ ಕೆಲಸದ ಪ್ಲೈವುಡ್ಡು ತೆಳ್ಳಗಿತ್ತು, ಹೆಬ್ಬಲಸು ದಪ್ಪ. ಮಿಷನ್ ಹಳೆಯ ನೆಲವನ್ನೇ ನೆನಪಿಟ್ಟುಕೊಂಡು ನಂಬಿಕೆಯಿಂದ ಇಳಿದಿತ್ತು.

ಫೋನಿನಲ್ಲೇ ಅವಳಿಗೆ ಕಾಗದ ಹಿಡಿಯಲು ಹೇಳಿಕೊಟ್ಟೆ. ಹೇಳಿಕೊಡುವುದೆಂದರೆ ಎಂಥ ಕಷ್ಟ, ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಹಿಡಿದಂತಾಗಬೇಕು ಎಂದೆ. ಹೆಂಗೆ ಎಂದಳು. ಹಿಡಿದಂತೆ ಎಂದೆ. ಕೊನೆಗೆ ಅವಳೇ, "ರೊಟ್ಟಿ ಕಾವಲಿಗ್ ಹಿಡುಕ್ ಶುರು ಆಪತಿಗೆ ಸಟ್ಗಕ್ಕ್ ಗೊತ್ತಾತ್ತಲೆ, ಹಾಂಗಾ?" ಅಂದಳು. ಹಾಗೆಯೇ. ನಾನು ಇಷ್ಟು ವರ್ಷದಲ್ಲಿ ಆ ಹೋಲಿಕೆ ಕಂಡಿರಲಿಲ್ಲ. ಸೀಳಿದ ಹಲಗೆಯನ್ನು ಮಗುಚಿ ಹಾಕಿ ಹಿಂಬದಿಯಲ್ಲಿ ಗಿಳಿ ಕೊರೆಸಿದಳು. ಹಂಗಾರಕಟ್ಟೆಯ ನನ್ನ ಜೊತೆಯವನೊಬ್ಬನನ್ನು ಕರೆಸಿ ಜೋಡಣೆ ಮಾಡಿಸಿದಳು. ಕಣ್ಣಿನ ಕೆಲಸ ಏನಾಯಿತೆಂದು ನಾನು ಕೇಳಿದ್ದಕ್ಕೆ "ಕಾಂಬ" ಎಂದಷ್ಟೇ ಹೇಳಿ ಫೋನಿಟ್ಟಳು.

ಹೆಸರಿಡುವ ದಿನ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ನಾನು ಆಸ್ಪತ್ರೆಯಿಂದ ನೆಟ್ಟಗೆ ಬೈಂದೂರಿಗೆ ಹೋದೆ. ಜಗಲಿಯಲ್ಲಿ ತೊಟ್ಟಿಲು ತೂಗುತ್ತಿತ್ತು. ಎರಡೂ ಗಿಳಿಗಳಿಗೆ ಕಣ್ಣಿತ್ತು. ಒಂದರದ್ದು ಇನ್ನೊಂದರದ್ದಕ್ಕಿಂತ ತುಸು ದೊಡ್ಡದಾಗಿ, ಏನನ್ನೋ ಕೇಳಿ ಬೆರಗಾದ ಹಾಗೆ. ನನ್ನ ಜೊತೆಯವನ ಕೈ ಅಷ್ಟು ಒರಟಲ್ಲವಲ್ಲ ಎಂದುಕೊಂಡೆ. ಗಿರಿಜಕ್ಕ ಮಗುವನ್ನು ಮಲಗಿಸುವ ಮುಂಚೆ ಒಳಗೆ ಹಾಸಿದ ಬಟ್ಟೆ ಸರಿಮಾಡುತ್ತಾ, ಒಳಮೈಯಲ್ಲಿದ್ದ ಗೇಣುದ್ದದ ಗೀರಿಗೆ ಬೆರಳಿಟ್ಟು ನಿಂತಳು.

"ಇದೆಂತ?"

"ಅದ್ ನಂದ್, ಅತ್ಗೆ" ಅಂದಳು ವನಜ. "ಉಳ್ದದ್ದೆಲ್ಲಾ ಅವ್ರ್‌ದ್."

ಅಕ್ಕ ಆ ಗೀರನ್ನು ಒಮ್ಮೆ ಸವರಿ, ಬಟ್ಟೆ ಮುಚ್ಚಿ, ಮಗುವನ್ನು ಮಲಗಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ಕಿಟಕಿಯ ಕಡೆ ನೋಡಲಿಲ್ಲ. ಮಗುವಿಗೆ ಉದ್ದದ ಹೆಸರೊಂದನ್ನು ಕಿವಿಯಲ್ಲಿ ಹೇಳಿದರು. ಸಂಜೆಯೊಳಗೆ ಮನೆಯವರೆಲ್ಲ ಅದನ್ನು ಚಿನ್ನು ಎಂದು ಕರೆಯುತ್ತಿದ್ದರು.

ಕೈಯ ಕಟ್ಟು ಬಿಚ್ಚಿದ ಮೇಲೆ ಶೆಡ್ಡಿಗೆ ಹೋಗಿ ಟರ್ಮಿನಲ್ ತೆರೆದು, ಒಂದು ಬಾಗಿಲಿನ ಕೆಲಸಕ್ಕಾಗಿ ನನ್ನದೇ ಕಮಾಂಡು ಕರೆದೆ. ಮಿಷನ್ ಅಲ್ಲಾಡಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು: 'ಕಾಗ್ದ ಇಟ್ರ್ಯಾ?'

ನನ್ನ ಮಿಷನ್ ನನ್ನನ್ನೇ ಪ್ರಶ್ನೆ ಕೇಳುವುದೇ ಎಂದು ಮೊದಲು ಸಿಟ್ಟು ಬಂತು. ಚುಕ್ಕೆಯ ಬೊಟ್ಟಿಟ್ಟ ಕಡತ ತೆರೆದು ನೋಡಿದೆ. 'ಗುಡ್ಸ್' ಕಮಾಂಡಿನಲ್ಲಿದ್ದ ಕೇಳುವ ಸಾಲನ್ನು ನೋಡಿಕೊಂಡು ಅವಳು ಹೊಸದೊಂದು ಫಂಕ್ಷನ್ ಬರೆದಿದ್ದಳು. ಬರೆಯುವಾಗ ಒಂದು ಉದ್ಧರಣ ಚಿಹ್ನೆ ಬಿಟ್ಟುಹೋಗಿ ನನ್ನ ಕಮಾಂಡುಗಳೆಲ್ಲ ಒಟ್ಟಿಗೆ ಮಾಯವಾಗಿದ್ದವಂತೆ, ಪ್ರಕಾಶನಿಗೆ ಫೋನು ಮಾಡಿ ಹುಡುಕಿ ಹಾಕಿದಳಂತೆ. ಇದು ನನಗೆ ಆಮೇಲೆ ತಿಳಿದದ್ದು. ಆ ಫಂಕ್ಷನ್ನಿಗೆ ಅವಳು ಇಟ್ಟ ಹೆಸರು 'ವನಜ'. ಮರ ಕೊರೆಯುವ ನನ್ನ ಪ್ರತಿಯೊಂದು ಕಮಾಂಡಿನ ಮೊದಲ ಸಾಲಿನಲ್ಲೂ ಆ ಹೆಸರನ್ನು ಸೇರಿಸಿದ್ದಳು. ಈಗ ನಾನು ಯಾರನ್ನೇ ಕರೆಯಲಿ, ಅವರು ಏಳುವ ಮುಂಚೆ ಅವಳು ಬಂದು ನಿಲ್ಲುತ್ತಾಳೆ.

ಚಾ ತಂದವಳು ನನ್ನ ಹೆಗಲ ಮೇಲಿಂದ ಪರದೆ ನೋಡಿದಳು.

"ತೆಗೀತ್ರಿಯಾ ಅದನ್?"

"ಇರ್ಲಿ."

"ಬೇಕಾರೆ ತೆಗಿನಿ. ನಿಮ್ ಮಿಷನ್ ಅಲ್ದಾ."

"ಇರ್ಲಿ ಅಂದೆ ಅಲ್ದನೇ" ಎಂದು ಕಿಟಕಿಯ ಕಡೆ ತಿರುಗಿದೆ. ಉಳಿ ಅಲ್ಲೇ ಇತ್ತು. ಅದರ ಹಿಡಿಗೆ ಹಳೆಯ ಸೀರೆಯ ಅಂಚಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಲಾಗಿತ್ತು, ನನ್ನ ದೊಡ್ಡ ಕೈಯ ಹಿಡಿ ಒಂದು ಸಣ್ಣ ಕೈಯಲ್ಲಿ ಜಾರದ ಹಾಗೆ. ಗಿಳಿಯ ಕಣ್ಣು ತೆರೆದದ್ದು ಯಾರೆಂದು ಆಗ ಗೊತ್ತಾಯಿತು.

"ನಿಮ್ ದೋಸ್ತ್ ಕೇಂಡ್ರ್, ಉಳಿ ಕೊಡಿ ಕಣ್ಣ್ ನಾ ಮಾಡ್ತೆ ಅಂತ. ಆ ಉಳಿ ಅವ್ರ್ ಯಾರಿಗೂ ಕೊಡುದಿಲ್ಲೆ ಅಂದೆ" ಎಂದಳು ವನಜ. "ಮತ್ ನಾನೇ ಮಾಡ್ದೆ."

ಬಟ್ಟೆಯನ್ನು ಬಿಚ್ಚಬೇಕೆಂದು ಉಳಿಯನ್ನು ಎತ್ತಿಕೊಂಡೆ. ಕಟ್ಟಿನೊಳಗಿದ್ದು ನನ್ನ ಕೈ ಸೊರಗಿತ್ತು, ಹೆಬ್ಬೆರಳಿನ ಬುಡದ ಮಾಂಸ ಇಳಿದುಹೋಗಿತ್ತು. ಬರೀ ಹುಣಸೆಯಾಗಿದ್ದರೆ ಆ ಹಿಡಿ ನನ್ನ ಮುಷ್ಟಿಯಲ್ಲಿ ತಿರುಗಿಬಿಡುತ್ತಿತ್ತು. ಸೀರೆಯಂಚು ಸುತ್ತಿದ ಹಿಡಿ ಹೇಳಿ ಮಾಡಿಸಿದಂತೆ ಕೂತಿತು.

ಈಗ ಕೈ ತುಂಬಿಕೊಂಡಿದೆ, ಮೊದಲಿನಷ್ಟೇ ಬಲವಿದೆ. ಪಟ್ಟಿಯ ಅಗತ್ಯ ನನಗಿಲ್ಲ. ಅಂಚಿನ ಬಣ್ಣ ಮಾಸಿ, ಮರದ ಹೊಟ್ಟು ಕೂತು, ಹೆಬ್ಬೆರಳು ಒತ್ತುವಲ್ಲಿ ಬಟ್ಟೆಗೂ ಒಂದು ತಗ್ಗು ಬೀಳುತ್ತಿದೆ. ಬಿಚ್ಚಿಲ್ಲ. ಬೆಳಿಗ್ಗೆ ಮಿಷನ್ ಕೇಳುತ್ತದೆ, ಕಾಗದ ಇಟ್ಟಿದ್ದೇನೆ ಎಂದು ನಾನು ಬರೆಯುತ್ತೇನೆ. ಬರೆಯುವಾಗ ಬಾಯಲ್ಲೂ ಹೇಳುತ್ತೇನೆ, ಅಡುಗೆಮನೆಗೆ ಕೇಳಿಸುವಷ್ಟು.